ಮೊದಲು ಮನೆ ಬಿಟ್ಟವಳು

ಲೆನ್ ಹಾಕ್ಲಿ ಸತ್ತದ್ದು ಒಂದು ಶನಿವಾರ ಮಧ್ಯಾಹ್ನ, ಟಿವಿಯಲ್ಲಿ ಫುಟ್‌ಬಾಲ್ ನಡೆಯುತ್ತಿದ್ದಾಗ. ಎದುರು ಮನೆಯ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವನ ಹೆಂಡತಿ ವಾಲ್ಡಾ ಕೂಗಿಕೊಂಡದ್ದು ಕೇಳಿಸಿತು. ಕೈಯಲ್ಲಿದ್ದ ಒದ್ದೆ ಹೊದಿಕೆಯನ್ನು ಹುಲ್ಲಿನ ಮೇಲೆ ಬಿಟ್ಟು ಓಡಿದೆ. ಲೆನ್ ಕುರ್ಚಿಯಿಂದ ಜಾರಿ ನೆಲದಲ್ಲಿ ಕುಸಿದಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ವಾಲ್ಡಾ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡಿದ್ದಳು.

ಆಂಬುಲೆನ್ಸ್ ಬೇಗನೇ ಬಂತು. ಆದರೆ ಮನೆಯವರೆಗೆ ಬರಲಿಲ್ಲ. ನಮ್ಮ ಎಲ್ಮ್ ಬೀದಿ ಹೆದ್ದಾರಿಗೆ ಸೇರುವ ಮೂಲೆಯಲ್ಲಿ, ಪೆಟ್ರೋಲ್ ಬಂಕಿನ ಪಕ್ಕ ನಿಂತುಬಿಟ್ಟಿತು. ವಾಲ್ಡಾಳ ಗೇಟಿನಿಂದ ಅದರ ದೀಪ ತಿರುಗುವುದು ಕಾಣುತ್ತಿತ್ತು. ನಾನು ಲೆನ್‌ನ ಎದೆ ಒತ್ತುತ್ತ ಕೂತೆ. ವಾಲ್ಡಾ ಮನೆಯ ಚಪ್ಪಲಿಯಲ್ಲೇ ಮೂಲೆಯವರೆಗೆ ಓಡಿದಳು.

ಅಲ್ಲಿ ನಡೆದ ಮಾತನ್ನು ಆಮೇಲೆ ಅವಳು ಎಷ್ಟೋ ಸಲ ಹೇಳಿದ್ದಾಳೆ.

"ಪೊಲೀಸ್ನೋರು ಬರೋವರೆಗೂ ನಾವು ಒಳಗೆ ಬರೋ ಹಾಗಿಲ್ಲಮ್ಮ. ನಿಮ್ಮ ಬೀದಿಗೆ ಹಾಗಂತ ಆರ್ಡರ್ ಇದೆ" ಎಂದ ಚಾಲಕ.

"ನನ್ನ ಗಂಡ ಎದೆ ಹಿಡ್ಕೊಂಡು ಬಿದ್ದಿದ್ದಾನೆ. ಅವನು ಯಾರಿಗೆ ಹೊಡೀತಾನೆ, ಹೇಳು?"

ಚಾಲಕ ಒಳ್ಳೆಯವನೇ ಇರಬೇಕು. ತಲೆ ತಗ್ಗಿಸಿದನಂತೆ. ಹಿಂದಿನ ವರ್ಷ ಯಾರೋ ಹುಡುಗರು ಆಂಬುಲೆನ್ಸಿನ ಗಾಜಿಗೆ ಬಾಟಲಿ ಎಸೆದಿದ್ದರು. ಅಂದಿನಿಂದ ನಮ್ಮ ಬಡಾವಣೆಯ ಹೆಸರು ಬಂದರೆ ಮೊದಲು ಪೊಲೀಸ್, ಆಮೇಲೆ ಅವರು. ಪೊಲೀಸ್ ಕಾರು ಬಂದು, ಅದರ ಹಿಂದೆ ಆಂಬುಲೆನ್ಸ್ ಬಂದು, ಅವರು ಚೀಲ ಹಿಡಿದು ಒಳಗೆ ಕಾಲಿಡುವಾಗ ಲೆನ್ ಹೋಗಿದ್ದ. ಟಿವಿಯನ್ನು ಆರಿಸುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಯಾರೋ ಗೋಲು ಹೊಡೆದು ಜನ ಹುಚ್ಚೆದ್ದು ಕಿರುಚುತ್ತಿದ್ದರು.

ಡೆರಿಂಗಾ ಪಟ್ಟಣದವರು ನಮ್ಮ ಬಡಾವಣೆಯನ್ನು ಕಂಬಳಿ ಕೇರಿ ಎಂದು ಕರೆಯುತ್ತಿದ್ದರು. ಊರಿನ ಕಂಬಳಿ ಗಿರಣಿಯ ಕೆಲಸಗಾರರಿಗಾಗಿ ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳು. ಎಲ್ಮ್, ವಿಲೋ, ಆ್ಯಶ್ ಎಂದು ಬೀದಿಗಳಿಗೆಲ್ಲ ಮರದ ಹೆಸರು. ನೆರಳಿಗೆ ಒಂದು ಮರವೂ ಇರಲಿಲ್ಲ. ವಾಲ್ಡಾ ಮದುವೆಯಾದ ವರ್ಷವೇ ಅಲ್ಲಿಗೆ ಬಂದವಳು. ಗಿರಣಿಯಲ್ಲಿ, ಮಗ್ಗದಿಂದ ಇಳಿದ ಕಂಬಳಿಯಲ್ಲಿ ತಪ್ಪಿಹೋದ ಎಳೆಗಳನ್ನು ಸೂಜಿಯಿಂದ ಸೇರಿಸುವ ಕೆಲಸ ಅವಳದು. ಲೆನ್ ಅದೇ ಗಿರಣಿಯ ಲಾರಿ ಓಡಿಸುತ್ತಿದ್ದ. ಮಕ್ಕಳಾಗಲಿಲ್ಲ. ಗಿರಣಿ ಮುಚ್ಚಿದ ಮೇಲೆ ಕೈಲಾಗುವವರು ಊರು ಬಿಟ್ಟರು, ಉಳಿದವರು ಸರ್ಕಾರದ ಭತ್ಯೆಯ ಮೇಲೆ ಕೂತರು. ಖಾಲಿಯಾದ ಮನೆಗಳಿಗೆ ವಸತಿ ಇಲಾಖೆ ಎಲ್ಲೆಲ್ಲಿಂದಲೋ ನೊಂದವರನ್ನೂ ಜೈಲಿನಿಂದ ಬಂದವರನ್ನೂ ತಂದು ತುಂಬಿತು. ಪಿಜ್ಜಾ ತರುವ ಹುಡುಗರು ಬರುವುದನ್ನು ನಿಲ್ಲಿಸಿದರು. ಟ್ಯಾಕ್ಸಿಯವರು ನಿಲ್ಲಿಸಿದರು. ನನ್ನ ಮಗಳು ಕೆಲಸಕ್ಕೆ ಅರ್ಜಿ ಹಾಕುವಾಗ ತನ್ನ ಚಿಕ್ಕಮ್ಮನ ವಿಳಾಸ ಬರೆಯುತ್ತಿದ್ದಳು.

ಅಲ್ಲಿಯತನಕ ವಾಲ್ಡಾ ಯಾರ ಗೊಡವೆಗೂ ಹೋದವಳಲ್ಲ. ತನ್ನ ಬೇಲಿ, ತನ್ನ ಗುಲಾಬಿ ಗಿಡ, ತನ್ನ ಲೆನ್. ಬೀದಿಯಲ್ಲಿ ಜಗಳ ಎದ್ದರೆ ಪರದೆ ಎಳೆಯುವ ಹೆಂಗಸು. ಲೆನ್ ಹೋದ ಮೇಲೆ ಆ ಪರದೆಗಳನ್ನು ಅವಳು ಬಿಚ್ಚಿ ಒಗೆದಳು, ಮತ್ತೆ ಹಾಕಲಿಲ್ಲ. ದಿನವಿಡೀ ಕಿಟಕಿಯಲ್ಲಿ ನಿಂತು ಬೀದಿ ನೋಡುತ್ತಿದ್ದಳು. ಅವಳಿಗೆ ತಲೆ ಕೆಡುತ್ತಿದೆಯೇನೋ ಎಂದು ನಾನು ಹೆದರಿದ್ದೆ.

ಆಗ ಸರ್ಕಾರದ ಹೊಸ ಯೋಜನೆ ಬಂತು. ಹಿಂದುಳಿದ ಕೇರಿಗಳನ್ನು ಅಲ್ಲಿಯ ಜನರೇ ಮುಂದೆ ನಿಂತು ಸರಿಮಾಡಿಕೊಳ್ಳಬೇಕು, ಎಂಟು ವರ್ಷ ಸರ್ಕಾರ ಬೆನ್ನಿಗಿರುತ್ತದೆ ಎಂದರು. ಫಿಯೋನಾ ಎಂಬ ಹುಡುಗಿಯನ್ನು ಕಳಿಸಿದರು. ಶಾಲೆಯ ಹಾಲಿನಲ್ಲಿ ಮೊದಲ ಸಭೆ. ಬಂದವರಲ್ಲಿ ಅರ್ಧ ಜನ ಬಿಸ್ಕತ್ತು ತಿನ್ನಲು ಬಂದವರು. ಫಿಯೋನಾ ಮಾತು ಮುಗಿಸಿ, "ಏನಾದ್ರೂ ಕೇಳೋದಿದ್ಯಾ?" ಎಂದಾಗ ಹಿಂದಿನ ಸಾಲಿನಿಂದ ವಾಲ್ಡಾ ಎದ್ದಳು.

"ನಮ್ಮ ಬೀದಿಗೆ ಆಂಬುಲೆನ್ಸ್ ನೇರವಾಗಿ ಬರ್ಬೇಕು ಅಂದ್ರೆ ನಾವೇನು ಮಾಡ್ಬೇಕು?"

ಫಿಯೋನಾ ಕೈಯಲ್ಲಿದ್ದ ಕಾಗದಗಳನ್ನು ನೋಡಿದಳು, ಮತ್ತೆ ವಾಲ್ಡಾಳನ್ನು ನೋಡಿದಳು. "ನನಗೆ ಗೊತ್ತಿಲ್ಲ" ಎಂದಳು.

ಮನೆಗೆ ನಡೆದು ಬರುವಾಗ ವಾಲ್ಡಾ ನನಗೆ, "ನಾನು ಸೇರ್ಕೋತೀನಿ ಜೋ" ಎಂದಳು. "ಇಷ್ಟು ವರ್ಷದಲ್ಲಿ ಗೊತ್ತಿಲ್ಲ ಅಂದ ಸರ್ಕಾರದೋರು ಇವಳೊಬ್ಳೇ."

ಮೊದಲು ಅವಳು ಎಳೆದು ತಂದದ್ದು ನೋಲೀನ್ ಪ್ರಾಟ್‌ಳನ್ನು. ಗಿರಣಿಯಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವಳು. ವಿಲೋ ಬೀದಿಯಲ್ಲಿ ಮನೆ. ದಮ್ಮು ರೋಗ, ಆದರೂ ಬಾಯಲ್ಲಿ ಸಿಗರೇಟು; ನಾಲಗೆ ಕತ್ತರಿಯಂತೆ. "ಕೇರಿ ಉದ್ಧಾರ ಮಾಡ್ತೀಯಾ? ಮೊದ್ಲು ನಿನ್ನ ಕೂದ್ಲು ನೋಡ್ಕೊಳೇ, ಗುಬ್ಬಿ ಗೂಡು ಕಟ್ಟಿದ ಹಾಗಿದೆ" ಎಂದಳು. ಎಂದವಳೇ ಮರುದಿನ ಬಂದಳು.

ಇಬ್ಬರೂ ಸೇರಿ ಮನೆಮನೆ ಬಾಗಿಲು ತಟ್ಟಿದರು. ಬೈಗುಳ ತಿಂದರು, ನಾಯಿ ಕಡಿಸಿಕೊಂಡರು. ಆ್ಯಶ್ ಬೀದಿಯ ಕೊನೆಯಲ್ಲಿ ಡ್ವೇನ್ ಎಂಬ ಯುವಕನಿದ್ದ. ಕಳ್ಳತನಕ್ಕಾಗಿ ಜೈಲಿಗೆ ಹೋಗಿ ಬಂದವನು. ಅವನು ಬಾಗಿಲು ತೆರೆದಾಗ ವಾಲ್ಡಾ ಸುತ್ತುಬಳಸು ಮಾತಾಡಲಿಲ್ಲ.

"ನಮ್ಮ ಲೆನ್‌ದು ಹುಲ್ಲು ಕತ್ತರಿಸೋ ಮಿಷನ್ ಕದ್ದೋನು ನೀನೇ ಅಲ್ವೇನೋ?"

ಡ್ವೇನ್ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೌದು ಬಾಸ್" ಎಂದ. ಜೈಲಿನಲ್ಲಿ ಕಾವಲಿನವರನ್ನು ಹಾಗೆ ಕರೆದು ಅಭ್ಯಾಸ.

"ಹಾಗಾದ್ರೆ ಹುಲ್ಲು ಕತ್ತರಿಸೋಕೆ ಬರುತ್ತೆ. ನಾಳೆ ಬೆಳಿಗ್ಗೆ ಬಾ, ಪಾರ್ಕಿನಲ್ಲಿ ಸೊಂಟದ ಮಟ್ಟ ಬೆಳೆದಿದೆ."

ಅವನು ಬಂದ. ಮಿಷನ್ ಸಮೇತ ಬಂದ. ಅಂದಿನಿಂದ ಅವಳು ಅವನಿಗೆ ಬಾಸ್ ಆಗಿಯೇ ಉಳಿದಳು.

ಆ ವರ್ಷಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ. ಮುಚ್ಚಿಹೋಗಿದ್ದ ಮಾಂಸದಂಗಡಿಯೊಂದನ್ನು ಕೇಳಿ ಪಡೆದು ಎಲ್ಲರೂ ಬಂದು ಕೂರುವ ಜಾಗ ಮಾಡಿಕೊಂಡೆವು. ಮಾಂಸ ತೂಗುಹಾಕುವ ಕೊಕ್ಕೆಗಳಿಗೆ ಮಕ್ಕಳು ಬರೆದ ಚಿತ್ರಗಳನ್ನು ನೇತುಹಾಕಿದೆವು. ಇಲಾಖೆ ಬಣ್ಣ ಕೊಟ್ಟಿತು. ಕೇರಿಯ ಹುಡುಗರಿಗೆ ಬಣ್ಣ ಬಳಿಯುವ ಕೆಲಸ ಕಲಿಸಿ ಅವರಿಂದಲೇ ಮನೆಗಳಿಗೆ ಬಳಿಸಿದರು. ಅವರ ಮೇಸ್ತ್ರಿ ಡ್ವೇನ್. ಯಾರ ಮನೆಗೆ ಯಾವ ಬಣ್ಣ ಎಂದು ಅವರವರೇ ಹೇಳಬೇಕು. ನೋಲೀನ್ ನೇರಳೆ ಕೇಳಿದಳು.

"ನೇರಳೆ ಹೊರಗಡೆಗೆ ಚೆನ್ನಾಗಿರಲ್ಲ ನೋಲೀನ್, ಹೆದ್ದಾರಿಯಿಂದ ಕಾಣುತ್ತೆ" ಎಂದ ಡ್ವೇನ್.

"ಕಾಣ್ಲಿ ಅಂತಾನೇ ಕಣೋ. ನಲವತ್ತು ವರ್ಷ ಬೂದು ಗೋಡೆ ನೋಡಿದೀನಿ. ಸತ್ರೆ ಹೆಣ ಎತ್ಕೊಂಡು ಹೋಗೋರಿಗೆ ಮನೆ ಯಾವ್ದು ಅಂತ ಗೊತ್ತಾಗ್ಬೇಡ್ವಾ?"

ಬೀದಿದೀಪ ಬಂದವು. ಸಸಿ ನೆಟ್ಟೆವು, ಕಿತ್ತುಹಾಕಿದರು, ಮತ್ತೆ ನೆಟ್ಟೆವು. ಬಾಟಲಿ ಎಸೆದ ಹುಡುಗರು ಯಾರೆಂದು ವಾಲ್ಡಾಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅವರಲ್ಲೊಬ್ಬನ ಕೈಯಲ್ಲೇ, ಆಂಬುಲೆನ್ಸ್ ಸಿಬ್ಬಂದಿಯನ್ನು ಕರೆಸಿದ ಭಾನುವಾರ, ಸಾಸೇಜ್ ಸುಡಿಸಿ ಬ್ರೆಡ್ಡಿನಲ್ಲಿಟ್ಟು ಬಡಿಸಿದಳು. ಅವನ ಪಕ್ಕ ನಿಂತು ಈರುಳ್ಳಿ ಹೆಚ್ಚಿಕೊಟ್ಟಳು. ಅವಳ ಕಣ್ಣು ಕೆಂಪಾಗಿದ್ದುದು ಈರುಳ್ಳಿಗೆಂದೇ ಎಲ್ಲರೂ ಅಂದುಕೊಂಡರು.

ಕೊನೆಗೊಂದು ಚಳಿಗಾಲದ ಬೆಳಿಗ್ಗೆ ನೋಲೀನ್ ದಮ್ಮು ಏರಿ ನೀಲಿಯಾದಳು. ನಾನೇ ಫೋನ್ ಮಾಡಿದೆ. ಆಂಬುಲೆನ್ಸ್ ಪೆಟ್ರೋಲ್ ಬಂಕಿನ ಬಳಿ ನಿಲ್ಲಲಿಲ್ಲ. ನೇರವಾಗಿ ವಿಲೋ ಬೀದಿಗೆ ತಿರುಗಿ ನೇರಳೆ ಮನೆಯ ಮುಂದೆ ನಿಂತಿತು. ಮುಂದೆ ಪೊಲೀಸ್ ಇಲ್ಲ, ಹಿಂದೆ ಪೊಲೀಸ್ ಇಲ್ಲ. ಸುದ್ದಿ ಹೇಗೆ ಹಬ್ಬಿತೋ, ಜನ ಮನೆಬಟ್ಟೆಯಲ್ಲೇ ಗೇಟಿಗೆ ಬಂದು ನಿಂತಿದ್ದರು. ನೋಲೀನ್‌ಳನ್ನು ಹೊರಗೆ ತರುವಾಗ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಅವಳು ಮುಖದ ಮೇಲಿನ ಆಮ್ಲಜನಕದ ಮಾಸ್ಕನ್ನು ಎತ್ತಿ, "ನಾನಿನ್ನೂ ಸತ್ತಿಲ್ಲ ಕಣ್ರೋ, ನಿಲ್ಸಿ!" ಎಂದಳು.

ವಾಲ್ಡಾ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಹೋಗಿ ಲೆನ್‌ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಳು. ನಾನು ಹೋದಾಗ, "ಇಷ್ಟೇ ಆಗ್ಬೇಕಿತ್ತು ಜೋ, ಇಷ್ಟೇ" ಎಂದಳು. ನಾನು ಪಕ್ಕದಲ್ಲಿ ಕೂತೆ. ಅವಳು ಅಷ್ಟು ಸಮಾಧಾನದಿಂದ ಇದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆಯೂ ನೋಡಲಿಲ್ಲ.

ಎಂಟು ವರ್ಷ ಮುಗಿಯಿತು. ಫಿಯೋನಾಳನ್ನು ಬೇರೆಡೆಗೆ ಹಾಕಿದರು. ಹೋಗುವಾಗ ಮಗುವಿನಂತೆ ಅತ್ತಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಸ್ವಲ್ಪ ದಿನದಲ್ಲಿ ಇಲಾಖೆಯಿಂದ ಸ್ಟುವರ್ಟ್ ಬೆಲ್ಲಮಿ ಎಂಬ ಅಧಿಕಾರಿ ಬಂದರು. ಮೃದು ಮಾತಿನ ಮನುಷ್ಯ. ಮಾಂಸದಂಗಡಿಯ ಗೋಡೆಗೆ ದೊಡ್ಡ ದೊಡ್ಡ ಚಿತ್ರಗಳನ್ನು ಅಂಟಿಸಿದರು: ಹೊಸ ಮನೆಗಳು, ನಡುವೆ ಹಸಿರು, ಗಾಳಿಪಟ ಹಿಡಿದ ಮಗು.

ಅವರು ಹೇಳಿದ್ದು ಇಷ್ಟು. ನಮ್ಮ ಮನೆಗಳ ನೆಲದಡಿಯ ಮರ ಕೊಳೆತಿದೆ. ಗೋಡೆಯ ಹಾಳೆಗಳಲ್ಲಿ ಕಲ್ನಾರು ಇದೆ, ಅದರ ಧೂಳು ಎದೆಗೆ ಹೋದರೆ ಕಾಯಿಲೆ. ಬಣ್ಣ ಬಳಿದರೆ ಹೋಗುವಂಥದ್ದಲ್ಲ. ಎಲ್ಲವನ್ನೂ ಕೆಡವಿ ಹೊಸದು ಕಟ್ಟಬೇಕು. ಎರಡು ವರ್ಷ ಎಲ್ಲರೂ ಬೇರೆಡೆ ಇರಬೇಕು, ಮನೆ ಇಲಾಖೆಯೇ ಹುಡುಕಿಕೊಡುತ್ತದೆ. ಆಮೇಲೆ ಬರಬೇಕೆನ್ನುವವರಿಗೆಲ್ಲ ಇಲ್ಲೇ ಮನೆ.

"ಎಲ್ಲರಿಗೂ?" ಎಂದು ಕೇಳಿದಳು ವಾಲ್ಡಾ.

"ಎಲ್ಲರಿಗೂ, ಮಿಸೆಸ್ ಹಾಕ್ಲಿ. ನೀವು ಕಟ್ಟಿದ ಸಮುದಾಯ ಇದು. ಇದನ್ನ ಒಡೆಯೋದು ನಮ್ಮ ಉದ್ದೇಶ ಅಲ್ಲ."

ನೋಲೀನ್ ಕೆಮ್ಮುತ್ತ ಎದ್ದಳು. "ನಾವು ಕೊಳಕಾಗಿದ್ದಾಗ ನಮ್ಮನ್ನ ಯಾರೂ ಎಬ್ಬಿಸ್ಲಿಲ್ಲ. ಈಗ ಚೆನ್ನಾಗಿ ಕಾಣ್ತಿದೀವಿ, ಎದ್ದೋಗಿ ಅಂತೀರಾ? ನೀವು ಕೆಡವಿ, ಕಟ್ಟಿ, ಯಾರಿಗೋ ಮಾರ್ಕೋತೀರ."

"ಸ್ವಲ್ಪ ಮನೆ ಮಾರಾಟಕ್ಕೆ ಇರುತ್ತೆ, ಅದನ್ನ ನಾನು ಮುಚ್ಚಿಡಲ್ಲ. ಆದರೆ ನಿಮ್ಮ ಮನೆಗಳು ನಿಮಗೇ."

ಅಂದು ಯಾರೂ ಒಪ್ಪಲಿಲ್ಲ. ಮುಂದಿನ ಕೆಲವು ವಾರ ಕೇರಿಯಲ್ಲಿ ಅದೇ ಮಾತು. ವಾಲ್ಡಾ ಒಬ್ಬಳೇ ಮನೆಯ ನೆಲಹಲಗೆಗಳ ಕೆಳಗೆ ತೆವಳಿಕೊಂಡು ಹೋಗಿ ಮರವನ್ನು ಉಗುರಿನಿಂದ ಕೆರೆದು ನೋಡಿದಳಂತೆ; ಹಿಟ್ಟಿನ ಹಾಗೆ ಉದುರಿತಂತೆ. ಬೆಲ್ಲಮಿ ಹೇಳಿದ್ದರಲ್ಲಿ ಅಷ್ಟು ನಿಜವಿತ್ತು. ಅದೇ ಅವಳನ್ನು ಕೆಡಿಸಿತು. ಅಷ್ಟು ನಿಜ ಹೇಳಿದವರು ಮಿಕ್ಕದ್ದನ್ನೂ ನಿಜವೇ ಹೇಳಿರಬೇಕು ಎಂದುಕೊಂಡಳು. ಎಂಟು ವರ್ಷ ಕೊಟ್ಟ ಮಾತು ಉಳಿಸಿಕೊಂಡವರು ಎಂಬುದೂ ಅವಳ ಮನಸ್ಸಿನಲ್ಲಿತ್ತು. ಮಾತು ಉಳಿಸಿಕೊಂಡದ್ದು ಫಿಯೋನಾ, ಇಲಾಖೆಯಲ್ಲ ಎಂಬುದು ಆಗ ನಮಗೆ ಯಾರಿಗೂ ತೋಚಲಿಲ್ಲ.

ಎರಡನೆಯ ಸಭೆಯಲ್ಲಿ ಜನ ಬೆಲ್ಲಮಿಯವರ ಮುಖ ನೋಡಲಿಲ್ಲ, ವಾಲ್ಡಾಳ ಮುಖ ನೋಡಿದರು.

ನೋಲೀನ್ ನೇರವಾಗಿ ಕೇಳಿದಳು: "ನೀನು ಹೋಗ್ತೀಯೇನೇ?"

"ಹೋಗ್ತೀನಿ."

"ಆ ಮನೆ ಬಿಟ್ಟು? ಲೆನ್ ಇದ್ದ ಮನೆ ಬಿಟ್ಟು?"

"ನಾನೇ ಮೊದ್ಲು ಹೋಗ್ತೀನಿ ನೋಲೀನ್. ಎರಡು ವರ್ಷ ತಾನೇ? ಕಣ್ಮುಚ್ಚಿ ಬಿಡೋದ್ರಲ್ಲಿ ಕಳೆಯುತ್ತೆ. ಈ ಗೋಡೆಗಳ ಧೂಳಿಗೆ ನಿನ್ನ ಎದೆ ಎಷ್ಟು ದಿನ ತಡೆಯುತ್ತೆ? ಹೊಸ ಮನೆಗೆ ನಿಂಗೆ ನೇರಳೆ ಬಣ್ಣಾನೇ ಹಾಕಿಸ್ತೀನಿ."

ಆಮೇಲೆ ಕೈಗಳು ಒಂದೊಂದಾಗಿ ಮೇಲೆದ್ದವು. ನನ್ನದೂ.

ಮಾತಿನಂತೆ ವಾಲ್ಡಾ ಮೊದಲು ಹೋದಳು. ಪಕ್ಕದ ಹೋಲ್ಟನ್ ಊರಿನಲ್ಲಿ ಮಹಡಿಯ ಮೇಲೆ ಒಂದು ಕೋಣೆಯ ಮನೆ ಕೊಟ್ಟಿದ್ದರು. ಡ್ವೇನ್ ಬಾಡಿಗೆ ವ್ಯಾನಿನಲ್ಲಿ ಅವಳ ಸಾಮಾನು ಸಾಗಿಸಿದ. ಲೆನ್‌ನ ಕುರ್ಚಿ ಆ ಮನೆಯ ಮೆಟ್ಟಿಲಲ್ಲಿ ತಿರುಗಲಿಲ್ಲ. ವ್ಯಾನಿನಲ್ಲೇ ವಾಪಸು ತಂದು ಮಾಂಸದಂಗಡಿಯಲ್ಲಿ ಇಟ್ಟೆವು. ಅವಳ ಹಿಂದೆ ಒಬ್ಬೊಬ್ಬರೇ ಹೊರಟರು. ಎಲ್ಲರನ್ನೂ ಒಂದೇ ಕಡೆ ಇರಿಸಲು ಮನೆಗಳಿರಲಿಲ್ಲ. ಎಲ್ಲಿ ಖಾಲಿಯಿತ್ತೋ ಅಲ್ಲಿಗೆ ಕಳಿಸಿದರು. ನನಗೆ ಹೋಲ್ಟನ್‌ನ ಇನ್ನೊಂದು ತುದಿ. ಡ್ವೇನ್‌ಗೆ ಹೆದ್ದಾರಿಯ ಬದಿಯಲ್ಲಿ ಗಾಲಿಮನೆಗಳು ನಿಲ್ಲುವ ಕ್ಯಾರವಾನ್ ಪಾರ್ಕು. ಎಲ್ಲರಿಗಿಂತ ಕೊನೆಗೆ ಎದ್ದದ್ದು ನೋಲೀನ್. ಅವಳನ್ನು ಕಡಲ ಬದಿಯ ಪೋರ್ಟ್ ಎಲ್ಲಿಸ್‌ಗೆ ಹಾಕಿದರು. ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರ. ಅಲ್ಲಿಯ ಮನೆಯ ಗೋಡೆಗೆ ಕೈಯಿಟ್ಟರೆ ಒದ್ದೆ.

ಮನೆಗಳನ್ನು ಕೆಡವಿದ ದಿನ ನಾನು ಹೋಗಿದ್ದೆ. ನೇರಳೆ ಗೋಡೆ ಒಂದೇ ಸಲಕ್ಕೆ ಮಡಚಿಕೊಂಡು ಬಿತ್ತು. ಮಾಂಸದಂಗಡಿಯನ್ನೂ ಬಿಡಲಿಲ್ಲ. ಒಳಗಿದ್ದ ಕುರ್ಚಿಯನ್ನು ಯಾರಾದರೂ ತೆಗೆದಿಟ್ಟರೇ ಎಂದು ಕೇಳಿದೆ. ಯಂತ್ರ ನಡೆಸುವವನು ಭುಜ ಕುಣಿಸಿದ.

ಸುತ್ತ ತಂತಿಬೇಲಿ ಹಾಕಿದರು. ಎರಡು ವರ್ಷ ಕಳೆಯಿತು. ಬೇಲಿಯೊಳಗೆ ಹುಲ್ಲು ಬೆಳೆದಿತ್ತು, ಬೇರೇನೂ ಇಲ್ಲ. ಚುನಾವಣೆಯಾಗಿ ಸರ್ಕಾರ ಬದಲಾಯಿತು. ಯೋಜನೆಯನ್ನು ಮತ್ತೊಮ್ಮೆ ಪರಿಶೀಲಿಸುತ್ತಿದ್ದೇವೆ ಎಂದರು. ಬೆಲ್ಲಮಿ ಕೆಲಸ ಬಿಟ್ಟು ಹೋಗಿದ್ದರು. ಮೂರನೆಯ ವರ್ಷವೂ ಪರಿಶೀಲನೆ ಮುಗಿದಿರಲಿಲ್ಲ.

ವಾಲ್ಡಾ ಮೆಲ್ಬರ್ನ್‌ನಲ್ಲಿರುವ ಇಲಾಖೆಯ ಕಚೇರಿಗೆ ರೈಲು ಹತ್ತಿ ಹೋದಳು. ನನ್ನನ್ನೂ ಕರೆದುಕೊಂಡು ಹೋದಳು. ಗಾಜಿನ ಹಿಂದೆ ಕೂತಿದ್ದ ಹುಡುಗಿ ಸೌಜನ್ಯದವಳು. ಕಂಪ್ಯೂಟರ್ ನೋಡಿ, "ಡೆರಿಂಗಾದಲ್ಲಿ ಆ ವಿಳಾಸ ಈಗ ಇಲ್ವಲ್ಲ ಮೇಡಂ?" ಎಂದಳು.

"ಇಲ್ಲ ಅಂತ ನಂಗೂ ಗೊತ್ತು. ಯಾವಾಗ ಬರುತ್ತೆ ಅಂತ ಕೇಳ್ತಿದೀನಿ."

"ಈಗ ಇರೋ ಮನೆಯಲ್ಲಿ ಏನಾದ್ರೂ ತೊಂದರೆ ಇದ್ಯಾ? ಸೋರುತ್ತಾ? ಯಾರಾದ್ರೂ ಹೆದರಿಸ್ತಾರಾ?"

"ಅಂಥದ್ದೇನಿಲ್ಲ."

"ಹಾಗಿದ್ರೆ ನಿಮಗೆ ಮನೆ ಸಿಕ್ಕಿದೆ ಅಂತಾನೇ ಅರ್ಥ, ಮೇಡಂ" ಎಂದು ಹುಡುಗಿ ನಕ್ಕಳು. ನಿಜಕ್ಕೂ ಒಳ್ಳೆಯ ಸುದ್ದಿ ಹೇಳಿದೆ ಎಂದೇ ಅವಳು ತಿಳಿದಿದ್ದಳು.

ವಾಪಸು ಬರುವಾಗ ರೈಲಿನಲ್ಲಿ ವಾಲ್ಡಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಡೆರಿಂಗಾ ದಾಟುವಾಗ ಕಣ್ಣು ಮುಚ್ಚಿಕೊಂಡಳು.

ಆ ಚಳಿಗಾಲದಲ್ಲಿ ಅವಳು ನೋಲೀನ್‌ಳನ್ನು ನೋಡಲು ಹೋದಳು. ಅದುವರೆಗೂ ನಾಳೆ, ನಾಡಿದ್ದು ಎಂದು ಮುಂದೂಡುತ್ತಲೇ ಬಂದಿದ್ದಳು; ಒಳ್ಳೆಯ ಸುದ್ದಿ ತೆಗೆದುಕೊಂಡೇ ಹೋಗಬೇಕು ಎಂಬ ಆಸೆ. ನಾನೂ ಜೊತೆಗಿದ್ದೆ. ತೆಂಗಿನತುರಿ ಹಚ್ಚಿದ ಚಾಕಲೇಟ್ ಕೇಕು ಮಾಡಿಕೊಂಡು ಹೋಗಿದ್ದೆವು, ನೋಲೀನ್‌ಳಿಗೆ ಅದು ಪ್ರಾಣ. ಅವಳು ಮರದ ಬಾಗಿಲು ತೆರೆದಳು, ಹೊರಗಿನ ಜಾಲರಿ ಬಾಗಿಲ ಚಿಲಕ ತೆಗೆಯಲಿಲ್ಲ. ಜಾಲರಿಯ ಹಿಂದೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಉಸಿರಾಟ ಮಾತ್ರ ಕೇಳುತ್ತಿತ್ತು.

"ಒಳಗೆ ಕರೆಯಲ್ವೇನೇ?" ಎಂದಳು ವಾಲ್ಡಾ.

"ಯಾವ ಒಳಗೆ? ಇದು ನನ್ನ ಮನೆಯಾ?"

"ಹಾಗನ್ಬೇಡ ಕಣೇ. ನಾನು ಮೆಲ್ಬರ್ನಿಗೆ ಹೋಗಿದ್ದೆ. ಮತ್ತೆ ಹೋಗ್ತೀನಿ, ಬಿಡಲ್ಲ ಅವರನ್ನ."

"ಬೆಲ್ಲಮಿ ಮಾತು ಕೇಳಿ ನಾನು ಬರ್ಲಿಲ್ಲ ವಾಲ್ಡಾ. ಅವನು ಮನೆ ಮುಂದೆ ಮಂಡಿಯೂರಿದ್ರೂ ಬರ್ತಿರ್ಲಿಲ್ಲ. ನೀನು ಹೇಳ್ದೆ, ಅದಕ್ಕೆ ಬಂದೆ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. "ಇಲ್ಲಿ ಒಬ್ರಿಗೂ ನನ್ನ ಹೆಸರು ಗೊತ್ತಿಲ್ಲ. ನಾನು ತಮಾಷೆ ಮಾಡಿದ್ರೆ ಯಾರೂ ನಗಲ್ಲ ಕಣೇ."

ವಾಲ್ಡಾ ಜಾಲರಿಯ ಮೇಲೆ ಅಂಗೈ ಇಟ್ಟಳು. ನೋಲೀನ್ ಮರದ ಬಾಗಿಲು ಹಾಕಿಕೊಂಡಳು. ಕೇಕಿನ ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಬಂದೆವು.

ವಸಂತ ಬರುವ ಮೊದಲೇ ನೋಲೀನ್ ಹೋದಳು. ದಮ್ಮು ಏರಿದಾಗ ಫೋನಿನವರೆಗೆ ಹೋಗಲಾಗದೆ ಅಡುಗೆಮನೆಯಲ್ಲಿ ಬಿದ್ದಿದ್ದಳು. ಮೀಟರ್ ಓದಲು ಬಂದವನು ಕಿಟಕಿಯಲ್ಲಿ ನೋಡಿದ. ಅಷ್ಟರಲ್ಲಿ ಕೆಲವು ದಿನಗಳಾಗಿದ್ದವು ಎಂದರು. ಕಂಬಳಿ ಕೇರಿಯಲ್ಲಿ ಅವಳು ಒಂದು ಬೆಳಿಗ್ಗೆ ಸಿಗರೇಟು ಹಿಡಿದು ಗೇಟಿಗೆ ಬಾರದಿದ್ದರೆ ಮೂರು ಮನೆಯವರು ಬಾಗಿಲು ಬಡಿಯುತ್ತಿದ್ದರು.

ಶವಸಂಸ್ಕಾರಕ್ಕೆ ಬಂದವರು ಒಂದೇ ಬೆಂಚಿನಲ್ಲಿ ಕೂರುವಷ್ಟು ಜನ. ಉಳಿದವರಿಗೆ ಸುದ್ದಿ ತಲುಪಿಸೋಣವೆಂದರೆ ಯಾರು ಎಲ್ಲಿದ್ದಾರೆಂದು ನಮಗೇ ತಿಳಿಯದು. ಡ್ವೇನ್ ಬಂದ. ಕುಡಿದಿದ್ದ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಬಣ್ಣದ ಕೆಲಸ ಕೈಬಿಟ್ಟು ವರ್ಷವಾಗಿತ್ತು. ಕ್ಯಾರವಾನಿನಲ್ಲಿ ಮತ್ತೆ ಹಳೆಯ ಸ್ನೇಹಿತರೇ ಜೊತೆ. ಪಾದ್ರಿ ಹೋದ ಮೇಲೆ ಅವನು ವಾಲ್ಡಾಳ ಪಕ್ಕ ಬಂದು ನಿಂತ.

"ಬಾಸ್, ಒಂದು ಮಾತು ಕೇಳ್ಲಾ?"

"ಕೇಳೋ."

"ನಾವು ಚೆಂದ ಮಾಡಿದ್ದೇ ತಪ್ಪಾಯ್ತಾ? ಆಗಿದ್ದ ಹಾಗೇ ಗಬ್ಬಾಗಿ ಇಟ್ಕೊಂಡಿದ್ರೆ ಅಲ್ಲೇ ಬಿಟ್ಟಿರ್ತಿದ್ರು ಅಲ್ವಾ?"

ವಾಲ್ಡಾ ಅವನ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಆ ಬೇಸಗೆಯಲ್ಲೇ ಡ್ವೇನ್ ಯಾವುದೋ ಗೋದಾಮಿಗೆ ನುಗ್ಗಿ ಸಿಕ್ಕಿಬಿದ್ದ. ವಾಲ್ಡಾ ಜೈಲಿಗೆ ಹೋಗಿ ನೋಡಲು ಕೇಳಿದಳು. ಬರಬೇಡಿ ಎಂದು ಅವನೇ ಹೇಳಿಕಳಿಸಿದ.

ಕೊನೆಗೂ ಅಲ್ಲಿ ಮನೆಗಳೆದ್ದವು. ಒಂದು ಕಂಪನಿಗೆ ವಹಿಸಿದರು, ಬಡಾವಣೆಗೆ ಹೊಸ ಹೆಸರಿಟ್ಟರು, ಹೆಚ್ಚಿನವು ಮಾರಾಟಕ್ಕೆ. ಬಾಡಿಗೆಗೆಂದು ಉಳಿಸಿದ್ದು ಒಂದು ಮೂಲೆಯಲ್ಲಿ ಕೆಲವು ಪುಟ್ಟ ಮನೆಗಳು; ಅವು ತಲೆಯ ಮೇಲೆ ಸೂರೇ ಇಲ್ಲದವರಿಗೆ. ಅದು ನ್ಯಾಯವೇ, ಇಲ್ಲವೆನ್ನಲಾರೆ. ನಮ್ಮೆಲ್ಲರ ತಲೆಯ ಮೇಲೂ ಎಲ್ಲೋ ಒಂದು ಸೂರಿತ್ತಲ್ಲ! ಹಿಂದಿರುಗಿದ ಹಳಬರನ್ನು ನಾನು ಹುಡುಕಿದೆ. ಒಬ್ಬರೂ ಕಾಣಲಿಲ್ಲ.

ಬಡಾವಣೆ ತೆರೆಯುವ ಮುಂಚೆ ಕಂಪನಿಯ ಕಡೆಯ ಒಬ್ಬ ಹೆಂಗಸು ವಾಲ್ಡಾಳ ಮನೆ ಹುಡುಕಿಕೊಂಡು ಬಂದಳು. ನಾನಿದ್ದೆ. ನಡುವಿನ ಪಾರ್ಕಿಗೆ ವಾಲ್ಡಾಳ ಹೆಸರಿಡುತ್ತಾರಂತೆ, ಅವಳೇ ಬಂದು ಉದ್ಘಾಟಿಸಬೇಕಂತೆ. "ಆ ಜಾಗಕ್ಕೆ ನೀವು ಮಾಡಿದ್ದನ್ನ ಮರೆಯೋಕಾಗುತ್ತಾ?" ಎಂದಳು ಆ ಹೆಂಗಸು.

"ಅಂದ್ರೆ, ಅಲ್ಲಿ ನನ್ನ ಹೆಸರು ಇರ್ಬಹುದು, ನಾನು ಇರೋ ಹಾಗಿಲ್ಲ" ಎಂದಳು ವಾಲ್ಡಾ.

ಹೆಂಗಸಿಗೆ ಅರ್ಥವಾಗಲಿಲ್ಲ. ವಾಲ್ಡಾ ಕೋಪ ಮಾಡಿಕೊಳ್ಳಲಿಲ್ಲ, ಬಾಗಿಲವರೆಗೆ ಹೋಗಿ ಕಳಿಸಿಬಂದಳು. ಪಾರ್ಕಿಗೆ ಯಾವುದೋ ಹಕ್ಕಿಯ ಹೆಸರಿಟ್ಟರು.

ಈಗ ಮಂಗಳವಾರ ಮಂಗಳವಾರ ನಾನು ಅವಳ ಮನೆಗೆ ಹೋಗುತ್ತೇನೆ. ಹೆಚ್ಚು ಮಾತಿಲ್ಲ. ಕಂಬಳಿ ಕೇರಿಯ ಸುದ್ದಿ ಎತ್ತಿದರೆ ಎದ್ದು ಕೆಟಲ್ ಇಡುತ್ತಾಳೆ. ಕೆಲವು ದಿನ ನನಗೂ ಅವಳ ಮೇಲೆ ಸಿಟ್ಟು ಬರುತ್ತದೆ, ಅದು ಅವಳಿಗೆ ಗೊತ್ತು. ಆ ದಿನಗಳಲ್ಲಿ ಅವಳು ನನಗೆ ಎರಡನೆಯ ಬಿಸ್ಕತ್ತು ಬೇಕೇ ಎಂದು ಕೇಳುವುದಿಲ್ಲ, ಸುಮ್ಮನೆ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಾಳೆ.

ಹೋದ ವಾರ ನಾವು ಕೂತಿದ್ದಾಗ ಯಾರೋ ಬಾಗಿಲು ತಟ್ಟಿದರು. ಕೆಳಗಿನ ಮನೆಯ ಮರ್ರಿ, ಮಂಡಿ ಆಪರೇಷನ್ ಆದ ಮುದುಕ. ಟೋಪಿ ಕೈಯಲ್ಲಿ ಹಿಡಿದಿದ್ದ.

"ಮೆಟ್ಟಿಲಿನ ಕಂಬಿ ಮುರಿದು ಬೇಸಗೆಯಿಂದ ಹಾಗೇ ಇದೆ. ಕಸದ ಡಬ್ಬಿಗಳ ಕಥೆ ಬೇರೆ. ಇಲ್ಲಿರೋರೆಲ್ಲ ಒಂದ್ಸಲ ಸೇರೋಣ ಅಂತ. ನೀವು ಇಂಥದ್ರಲ್ಲಿ ಪಳಗಿದೋರು ಅಂತ ಯಾರೋ ಹೇಳಿದ್ರು. ಬಂದು ನಾಲ್ಕು ಮಾತು ಹೇಳ್ತೀರಾ?"

ವಾಲ್ಡಾ ಅವನ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು. ನನಗೆ ಒಂದು ಕ್ಷಣ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ.

"ಗೋಡೆ ಹಿಡ್ಕೊಂಡು ಇಳೀರಿ ಮರ್ರಿ" ಎಂದಳು. "ಏನೂ ಸರಿ ಮಾಡೋಕೆ ಹೋಗ್ಬೇಡಿ. ಇದ್ದ ಹಾಗೇ ಇರ್ಲಿ ಬಿಡಿ."

ತಮಾಷೆಯೆಂದುಕೊಂಡು ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ನಿಲ್ಲಿಸಿದ. ಆಗಲಿ ಎಂದು ಟೋಪಿ ಹಾಕಿಕೊಂಡು ಹೊರಟ. ಗೋಡೆಯನ್ನು ಅಂಗೈಯಿಂದ ಸವರುತ್ತ ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ವಾಲ್ಡಾ ಬಾಗಿಲು ಹಾಕಿ ಬಂದು ಕೂತಳು. ನಾನು ಬಟ್ಟಲುಗಳನ್ನು ತೊಳೆದಿಟ್ಟು ಬಸ್ಸಿಗೆ ಹೊರಟೆ.